ಆಗದ ದರ್ಶನ

ಮದ್ದೂರು, ೧೯೩೭

ವೇದಾ,

ಇಲ್ಲಿಂದ ಹೋಗುವ ಕಾಗದವನ್ನೆಲ್ಲ ಇವರು ಓದುತ್ತಾರೆ. ಇದು ನಿನಗೆ ತಲುಪುವುದಿಲ್ಲ.

ವೈಕುಂಠ ಏಕಾದಶಿಗೆ ಪಾರ್ಥಸಾರಥಿಯ ದರ್ಶನಕ್ಕೆಂದು ಮನೆಮಂದಿಯೆಲ್ಲ ಮದರಾಸಿಗೆ ಹೊರಟಿದ್ದೆವು. ಮುನಿಸು ಬಿಟ್ಟು ನಿನ್ನ ಮನೆಗೂ ಬರಬೇಕೆಂದಿದ್ದೆ. ಇವತ್ತು, ಕಾಲೇಜು ರಜೆಯಲ್ಲಿ ನೀನೂ ನಾನೂ ಅಲ್ಲಿಗೆ ಹೋದಾಗ ನಾನು ಬರೆದ ದಿನಚರಿ ಅತ್ತೆಯವರ ಕೈಗೆ ಸಿಕ್ಕಿತು. ಅವರಿಗೆ ಓದಲು ಬಾರದು. "ಓದೇ, ಕೇಳೋಣ" ಎಂದರು. ಪಾರ್ಥಸಾರಥಿ ದೇವಸ್ಥಾನಕ್ಕೆಂದು ಹೇಳಿ ಇಬ್ಬರೂ ಸಮುದ್ರಕ್ಕೆ ಓಡಿದ ಪುಟ ಅದು. ಹೆದರಿ, ತೀರ್ಥ, ತುಳಸಿ, ಶಠಾರಿ ಎಂದೆಲ್ಲ ಕಟ್ಟಿ ಓದಿಬಿಟ್ಟೆ ಕಣೆ.

ಅತ್ತೆ ಕೈಮುಗಿದರು. "ಪುಣ್ಯವಂತೆ ಕಣಮ್ಮ! ನಿಂಗೆ ದರ್ಶನ ಆಗೇಹೋಗಿದೆಯಲ್ಲ. ಎಳೆಗೂಸನ್ನ ಎತ್ಕೊಂಡು ರೈಲಲ್ಲಿ ಯಾಕೆ ಒದ್ದಾಡ್ತೀಯ? ಇಲ್ಲೇ ಇರು."

"ಅಮ್ಮ ಹೇಳೋದೂ ಸರಿ" ಎಂದರು ಇವರು.

ನಾಳೆ ಪಕ್ಕದ ಮನೆ ಆಂಡಾಳಮ್ಮನವರನ್ನೂ ಕೂರಿಸಿಕೊಂಡು ಮತ್ತೆ ಓದಿಸುತ್ತಾರಂತೆ. ಒಂದು ಮಾತೂ ಹೆಚ್ಚುಕಡಿಮೆ ಆಗಬಾರದಲ್ಲ. ನಿದ್ದೆಯಿಲ್ಲದೆ, ಮಗುವನ್ನು ತಟ್ಟುತ್ತಾ, ಇವತ್ತು ಹೇಳಿದ್ದನ್ನೇ ಬಾಯಿಪಾಠ ಮಾಡುತ್ತಿದ್ದೇನೆ.