ಹೆಬ್ಬೆರಳಿನಷ್ಟು ಹೆಚ್ಚು

ಶಾಸಕರ ವಸತಿಗೃಹ, ಮೂರನೇ ಮಹಡಿ
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಅಂದರೆ ಕೇಳುವವಳಲ್ಲ ನೀನು, ಆದರೂ ಹೇಳುತ್ತೇನೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಸೂಜಿಗೆ ದಾರ ಪೋಣಿಸಲು ಆಗುತ್ತಿದೆಯಾ? ನಾವೆಲ್ಲ ಕ್ಷೇಮ ಅಂತ ಬರೆಯುವುದು ಪದ್ಧತಿ. ಹೆಂಡತಿ, ಮಕ್ಕಳ ಮಟ್ಟಿಗೆ ಅದು ನಿಜವೇ. ನಾನು ಮಾತ್ರ ಮೂರು ದಿನದಿಂದ ಈ ಕಾಗದ ಶುರು ಮಾಡಿ ಹರಿದು ಹಾಕುತ್ತಿದ್ದೇನೆ. ಈ ಕಾಗದ ನೀನೇ ಬರೆದುಬಿಡು ಅಂತ ಹೆಂಡತಿಗೆ ಹೇಳಿ ನೋಡಿದೆ. "ನಿಮ್ಮ ಅಕ್ಕನಿಗೆ ನೀವೇ ಬರೀರಿ, ನನ್ನ ಕೈಲಿ ಆಗಲ್ಲ" ಅಂದು ಒಳಗೆ ಹೋದಳು.

ಸುತ್ತಿ ಬಳಸಿ ಹೇಳುವುದಿಲ್ಲ. ನೀನು ನಮ್ಮ ಜೊತೆ ಬಂದಿರಲು ಹಾಕಿದ್ದ ಅರ್ಜಿ ತಿರಸ್ಕಾರವಾಗಿದೆ. ಹೊಸ ಕಾನೂನು ಬಂದಿದೆ. ಈ ದೇಶದಲ್ಲಿ ನೆಲೆಸಿದವನು ಇನ್ನು ಮೇಲೆ ಗಂಡ ಅಥವಾ ಹೆಂಡತಿ, ಮಕ್ಕಳು, ಹೆತ್ತವರು, ಇಷ್ಟು ಜನರನ್ನು ಮಾತ್ರ ಕರೆಸಿಕೊಳ್ಳಬಹುದು. ಒಡಹುಟ್ಟಿದವರು ಆ ಪಟ್ಟಿಯಲ್ಲಿಲ್ಲ. ಅಮ್ಮ ಹೋದಾಗ ನನಗೆ ನಾಲ್ಕು ವರ್ಷ, ನಿನಗೆ ಹದಿನೈದು. ನನಗೆ ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ನೀನು ಅಂತ ಬರೆಯಲು ಆ ನಮೂನೆಯಲ್ಲಿ ಜಾಗವೇ ಇಲ್ಲ. "ಸಂಬಂಧ" ಅನ್ನುವ ಕಡೆ ಒಂದೇ ಒಂದು ಪುಟ್ಟ ಚೌಕ.

ಹೋದ ತಿಂಗಳು ಫೋನಿನಲ್ಲಿ ನೀನು ಹೇಳಿದ್ದು ಕಿವಿಯಲ್ಲೇ ಇದೆ. ಪೆಟ್ಟಿಗೆ ಕಟ್ಟಿ ಆಯಿತು, ಬಾಡಿಗೆ ಕೋಣೆ ಬಿಡುತ್ತೇನೆ ಅಂತ ಮಾತು ಕೊಟ್ಟೂ ಆಯಿತು, ಹೊಲಿಗೆ ಯಂತ್ರವನ್ನು ಕೆಳಮನೆಯ ಹುಡುಗಿಗೆ ಕೊಟ್ಟುಬಿಟ್ಟೆ ಅಂದೆ. ನಲವತ್ತು ವರ್ಷ ಇನ್ನೊಬ್ಬರು ಮುಟ್ಟಲು ಬಿಡದ ಯಂತ್ರ ಅದು. "ನಿನ್ನ ಮನೇಲಿ ನಾನ್ಯಾಕೋ ಹೊಲೀಲಿ, ಶಾಸಕನ ಅಕ್ಕ ನಾನು" ಅಂತ ನಕ್ಕೆ. ನಾನೂ ನಕ್ಕೆ. ಈ ವರ್ಷ ಖಂಡಿತ ಅಂತ ಭರವಸೆ ಕೊಟ್ಟವನು ನಾನೇ. ಮೊದಲು ಬಟ್ಟೆ ಅಂಗಡಿ ನಿಲ್ಲಲಿ ಅಂದೆ, ಆಮೇಲೆ ಮೇಯರ್ ಚುನಾವಣೆ ಮುಗಿಯಲಿ ಅಂದೆ, ಆಮೇಲೆ ಶಾಸಕನಾಗಿ ಒಂದು ವರ್ಷ ಕಳೆಯಲಿ ಅಂದೆ. ನೀನು ಒಂದು ಸಲವೂ ಮುಖ ಮುರಿಯಲಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ ಎರಡು ಬಟ್ಟೆಗಂಟು ಹೊತ್ತು ಇಲ್ಲಿ ಇಳಿದಾಗ ಈ ಭಾಷೆಯಲ್ಲಿ ನಾನು ಮೊದಲು ಕಲಿತದ್ದು ಬಣ್ಣಗಳ ಹೆಸರು, ಆಮೇಲೆ "ಬೇರೆ ತೋರಿಸಲಾ" ಅನ್ನುವುದು. ವ್ಯಾಪಾರ ಕಲಿಸಿದ್ದು ಮಾತ್ರ ನೀನು. "ಅಳತೆಯ ಗುರುತಿನ ಮೇಲೆ ಹೆಬ್ಬೆರಳಿಡು, ಅದರಾಚೆ ಕತ್ತರಿ ಹಾಕು. ಒಗೆದರೆ ಬಟ್ಟೆ ಕುಗ್ಗುತ್ತೆ, ಮಕ್ಕಳು ಬೆಳೀತಾರೆ" ಅನ್ನುತ್ತಿದ್ದೆ. ಇಲ್ಲಿ ಯಾರೂ ಹಾಗೆ ಹೆಚ್ಚು ಕೊಡುತ್ತಿರಲಿಲ್ಲ. ಜನ ನನ್ನ ಹೆಸರು ಹೇಳಲು ತಿಣುಕಾಡಿ ಕೊನೆಗೆ ಹೆಬ್ಬೆರಳಿನ ಅಂಗಡಿ ಅಂತ ಕರೆದರು. ಚರಂಡಿ ತುಂಬಿ ನಮ್ಮ ಬೀದಿಯ ಹದಿನೇಳು ಅಂಗಡಿಗಳಿಗೆ ನೀರು ನುಗ್ಗಿದಾಗ, ಒದ್ದೆ ಬಟ್ಟೆಯ ಇಡೀ ಥಾನು ಹೆಗಲಿಗೆ ಹಾಕಿಕೊಂಡು ನಗರಸಭೆಗೆ ಹೋಗಿ ಅವರ ಮೇಜಿನ ಮೇಲೆ ಹಿಂಡಿದೆ. ಆ ನೀರೇ ನನ್ನನ್ನು ಮೇಯರ್ ಮಾಡಿತು ಅಂತ ಈಗಲೂ ತಮಾಷೆ ಮಾಡುತ್ತಾರೆ. ಮೇಯರ್ ಕುರ್ಚಿಯಲ್ಲಿ ಕಾಲು ನೆಲಕ್ಕೆ ಎಟುಕುವುದಿಲ್ಲ ಅಂತ ಬಡಗಿ ಒಂದು ಮಣೆ ಮಾಡಿಕೊಟ್ಟ ಕಥೆ ಕೇಳಿ ನೀನು ಎಷ್ಟು ದಿನ ನಕ್ಕಿದ್ದೆ.

ಆದರೆ ಎಷ್ಟು ಚರಂಡಿ ಕಟ್ಟಿಸಿದರೂ ನಾನು ಹೊರಗಿನವನೇ, ಅಕ್ಕಾ. ದೀಪ ಹಾಕಿಸಿದರೆ ತನ್ನವರ ಬೀದಿಗೆ ಹಾಕಿಸಿದ ಅಂದರು. ನನ್ನವರು ಅಂತ ಇಲ್ಲಿ ಇದ್ದವರು ಎಷ್ಟು ಜನ? ಶಾಸಕನಾದ ಮೇಲೆ ಆ ಮಾತಿಗೆ ಇನ್ನೂ ಹೆದರಿದೆ. ಯಾರಾದರೂ ನಮ್ಮ ಕಡೆಯವರು ಸಹಾಯ ಕೇಳಿ ಬಂದರೆ ಬಾಗಿಲು ಪೂರ್ತಿ ತೆರೆದಿಟ್ಟು, ಎಲ್ಲರಿಗೂ ಕೇಳುವಂತೆ "ಸಾಧ್ಯವಿಲ್ಲ" ಅನ್ನುವ ಅಭ್ಯಾಸ ಮಾಡಿಕೊಂಡೆ. ಹೀಗೆ ಇಲ್ಲ ಅಂದು ಅಂದೇ ನಾನು ಒಳ್ಳೆಯವನು ಅನ್ನಿಸಿಕೊಂಡೆ.

ಕಾನೂನಿನ ಕರಡು ಬಂದಾಗ ನಿವೃತ್ತ ಶಿಕ್ಷಕಿಯೊಬ್ಬರು, ಎದುರು ಪಕ್ಷದವರು, "ಸಾಕಿ ಬೆಳೆಸಿದವರು" ಅನ್ನುವ ಎರಡು ಪದ ಸೇರಿಸಿ ಅಂದರು. ಅವರನ್ನೂ ಚಿಕ್ಕಮ್ಮ ಸಾಕಿದ್ದಂತೆ. ಸಮಿತಿಯಲ್ಲಿ ಒಂದೇ ಒಂದು ಮತದಿಂದ ಆ ಎರಡು ಪದ ಬಿದ್ದುಹೋದವು.

ಇಲ್ಲಿ ಹಿಂದಿನ ಕೋಣೆಯಲ್ಲಿ ನಿನಗೆಂದು ತರಿಸಿದ ತಗ್ಗು ಮಂಚ ಹಾಗೇ ಇದೆ. ಮಗಳು ಕಿಟಕಿಯ ಪರದೆಯನ್ನು ಅತ್ತೆಯೇ ಹೊಲಿಯಲಿ ಅಂತ ಬಟ್ಟೆ ಮಡಚಿ ಇಟ್ಟಿದ್ದಾಳೆ. ಆ ಕೋಣೆಯ ಮುಂದೆ ಹಾಯಲು ನನಗೆ ಆಗುತ್ತಿಲ್ಲ. ಇನ್ನು ಯಾವ ದಾರಿಯೂ ಉಳಿದಿಲ್ಲ, ವಕೀಲರನ್ನು ಕೇಳಿಯಾಯಿತು. ಮಕ್ಕಳ ನಮಸ್ಕಾರ ತಿಳಿದುಕೋ. ಮಾತ್ರೆ ತಪ್ಪಿಸಬೇಡ. ನನ್ನ ತಲೆಯ ಮೇಲೆ ಕೈಯಿಡು ಅಂತ ಕೇಳುವ ಮುಖ ಈ ಸಲ ನನಗಿಲ್ಲ.

ನಿನ್ನ
ಚೋಟು

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಇದನ್ನು ಬರೆಯದೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಆ ಸಮಿತಿಯ ಅಧ್ಯಕ್ಷ ನಾನು. ಮೂವರು ಬೇಕು ಅಂದರು, ಮೂವರು ಬೇಡ ಅಂದರು, ಎಲ್ಲರೂ ನನ್ನ ಮುಖ ನೋಡಿದರು. ಹಿಂದಿನ ಬೆಂಚಿನಲ್ಲಿ ಪತ್ರಿಕೆಯವನು ಕೂತಿದ್ದ. ನಾನು ಬೇಡ ಅಂದೆ. ನಿನ್ನ ಅರ್ಜಿ ಮೊದಲೇ ಹೋಗಿದೆ, ಹಳೇ ಕಾನೂನಿನಲ್ಲೇ ದಾಟಿಬಿಡುತ್ತದೆ ಅಂದುಕೊಂಡಿದ್ದೆ. ಥಾನಿನ ಒಂದೊಂದು ಮಡಿಕೆ ಬಿಚ್ಚಿ ನೋಡುತ್ತಿದ್ದವನು ಕರಡಿನ ಕೊನೇ ಪುಟ ಓದಿರಲಿಲ್ಲ. ಬಾಕಿ ಇರುವ ಅರ್ಜಿಗಳಿಗೂ ಅನ್ವಯ ಅಂತ ಅಲ್ಲಿತ್ತು. ಅವತ್ತು ಎಲ್ಲರೂ ನನ್ನ ಕೈ ಕುಲುಕಿದರು. ಕೋಣೆ ಬಿಡಬೇಡ ಅಕ್ಕಾ, ಮನೆಯೊಡೆಯನಿಗೆ ಇವತ್ತೇ ಹೇಳು. ಕೆಳಮನೆಯ ಹುಡುಗಿಯ ಹತ್ತಿರ ಯಂತ್ರ ವಾಪಸ್ ಕೇಳು.