ಬೀನ್ಸ್ ಬೆಂದ ನೀರು

ಹದಿನಾಲ್ಕನೇ ತಾರೀಕು, ಬುಧವಾರ
ಬೆಳಗಿನ ಕೆಲಸ ಮುಗಿಸಿ ಕೂತು

ಬೆಣ್ಣೆ ಬೀನ್ಸಿನ ಜನಕರಿಗೆ, ಅವರ ಹೆಂಡತಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿಲ್ಲ ಎಂಬುದು ನಿಮ್ಮ ಕಾಗದದಿಂದ ತಿಳಿಯಿತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನೀವು ನನಗೆ ಬರೆದ ಮೊದಲ ಕಾಗದ. ಒಟ್ಟು ಏಳು ಸಾಲು, ಅದರಲ್ಲಿ ಐದು ಬೀನ್ಸಿನ ಬಗ್ಗೆ. 'ಪ್ರಿಯ' ಎಂದು ಶುರು ಮಾಡಿದ್ದೀರಿ. ನನ್ನ ಕಣ್ಣನ್ನು ನಾನೇ ನಂಬದೆ ಕೆಳಗಿನ ಮನೆಯ ದರ್ಜಿಯಮ್ಮನಿಗೆ ತೋರಿಸಿದೆ. ಆಕೆ ಸೂಜಿ ಪೋಣಿಸುವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಹೌದು ಕಣಮ್ಮ, ಪ್ರಿಯ ಅಂತಾನೇ ಇದೆ, ಏನೋ ದೊಡ್ಡದೇ ಬೇಕಾಗಿರತ್ತೆ" ಎಂದಳು.

ಬೇಕಾಗಿರುವುದು ಏನೆಂದು ಅರ್ಥವಾಯಿತು. ನಾನು ಅಂಗಡಿ ಬಿಟ್ಟು ಬಂದ ಈ ಐದು ತಿಂಗಳಲ್ಲಿ, ಕಾಳು ಅರೆದು ಮಾಡುವ ನಮ್ಮ ಬೀನ್ಸ್ ಗಾರೆಯ ಹಾಗೆ ಗಟ್ಟಿಯಾಗುತ್ತಿದೆ. ಬಸ್ ಡಿಪೋದ ಡ್ರೈವರುಗಳು ಅರ್ಧ ತಿಂದು ಎದ್ದು ಹೋಗುತ್ತಿದ್ದಾರೆ. ಶನಿವಾರ ಹನ್ನೊಂದಕ್ಕೆ ದೊಡ್ಡ ಕಂಪನಿಯವರು ರುಚಿ ನೋಡಲು ಬರುತ್ತಾರೆ. ಅವರಿಗೆ ಹಿಡಿಸಿದರೆ ಅವರ ಹನ್ನೆರಡು ಅಂಗಡಿಗಳಲ್ಲೂ ನಿಮ್ಮ ಫೋಟೋ ಹಾಕಿದ ಡಬ್ಬಿ, ಹಿಡಿಸದಿದ್ದರೆ ನಮ್ಮ ಅಂಗಡಿಗೆ ಬೀಗ. ಆದ್ದರಿಂದ 'ಮಾಡುವ ಕ್ರಮ ಸ್ವಲ್ಪ ಬರೆದು ಕಳಿಸು' ಎಂದಿದ್ದೀರಿ. ಸ್ವಲ್ಪ ಯಾಕೆ, ಪೂರ್ತಿ ಬರೆಯುತ್ತೇನೆ.

ಅದಕ್ಕೆ ಮೊದಲು ಒಂದು ಮಾತು. ನೀವು ಮರೆತಿರಬಹುದು, ನಾನು ಮರೆತಿಲ್ಲ. ಪತ್ರಿಕೆಯವನು ಅಂಗಡಿಗೆ ಬಂದು ನಿಮ್ಮನ್ನು ಮಾತಾಡಿಸಿಕೊಂಡು ಹೋದ ಮೇಲೆ ಒಂದು ದಿನ ನಾನು ಹಿತ್ತಿಲಿನ ನಲ್ಲಿಯ ಹತ್ತಿರ ಕೂತು ದೊಡ್ಡ ಹಂಡೆ ತಿಕ್ಕುತ್ತಿದ್ದೆ. ಪಕ್ಕದ ಸೈಕಲ್ ರಿಪೇರಿಯವನು ಪೇಪರು ತಂದು, "ಅಕ್ಕಾ, ನಿಮ್ಮನೆಯವ್ರದ್ದು ಬಂದಿದೆ" ಅಂತ ಕೈಗೆ ಕೊಟ್ಟ. ಸೋಪಿನ ಕೈಯಲ್ಲೇ ಓದಿದೆ. 'ಬೆಣ್ಣೆ ಬೀನ್ಸಿನ ಜನಕ' ಅಂತ ದೊಡ್ಡ ಅಕ್ಷರ, ಬಿಳಿ ಷರಟಿನಲ್ಲಿ ನೀವು. ಕೆಳಗೆ ನೀವು ಹೇಳಿದ್ದು: "ಇದು ನಾನೇ ಕಂಡುಹಿಡಿದದ್ದು. ಮನೆಯವಳು ಪಾತ್ರೆ ತೊಳೆಯೋಕೆ ಸಹಾಯ ಮಾಡ್ತಾಳೆ." ಆವತ್ತು ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಅದು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೆಸರು ನನ್ನ ಕೈಗೆ, ಮೊಸರು ನಿಮ್ಮ ಬಾಯಿಗೆ. ಸಂಜೆ ಕೇಳಿದ್ದಕ್ಕೆ, "ಪೇಪರ್‌ನಲ್ಲಿ ಅಷ್ಟೆಲ್ಲ ಬರೆಯೋಕೆ ಜಾಗ ಇರಲ್ಲ" ಎಂದಿರಿ. ಹೋಗುತ್ತೇನೆ ಎಂದಾಗ, "ಹೋಗು, ನಿನ್ನ ಕೈ ಇಲ್ಲದಿದ್ರೂ ಬೀನ್ಸ್ ಬೇಯತ್ತೆ" ಎಂದಿರಿ. ಬೆಂದಿತೇ?

ಅದು ಹುಟ್ಟಿದ್ದು ಅಂಗಡಿಯಲ್ಲಲ್ಲ, ಮನೆಯ ಒಲೆಯ ಮೇಲೆ. ಮಗಳಿಗೆ ಆರು ವರ್ಷ. ಮುಖ್ಯರಸ್ತೆಯ ದೊಡ್ಡ ಫಾಸ್ಟ್ ಫುಡ್ಡಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಹೋಗಿ ಬಂದವಳು, ಅಲ್ಲಿನ ಪುಟ್ಟ ಕಪ್ಪಿನ ನುಣ್ಣನೆಯ ಬೀನ್ಸೇ ಬೇಕು ಎಂದು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾನು ಮನೆಯಲ್ಲೇ ಮಾಡಲು ಕೂತೆ. ಹನ್ನೊಂದು ಸಲ ಕೆಟ್ಟಿತು. ಒಮ್ಮೆ ಸೀದುಹೋಯಿತು, ಒಮ್ಮೆ ಅಂಟಾಯಿತು, ಒಮ್ಮೆ ನೀವು ಚಮಚ ನಿಲ್ಲಿಸಿ ನೋಡಿ ನಕ್ಕು, "ಅಂಗಡೀದು ಮನೇಲಿ ಬರತ್ತಾ, ಸುಮ್ನಿರು" ಎಂದಿರಿ. ಹನ್ನೆರಡನೆಯ ಸಲ ಮಗಳು ಬಟ್ಟಲು ನೆಕ್ಕಿದಳು. ಮರುವರ್ಷ ನಿಮ್ಮ ಕೆಲಸ ಹೋದಾಗ ಅದೇ ಬಟ್ಟಲನ್ನು ನಂಬಿ ಅಂಗಡಿ ಹಾಕಿದೆವು. ಹತ್ತೊಂಬತ್ತು ವರ್ಷ ನೀವು ಗಲ್ಲಾದ ಮುಂದೆ, ನಾನು ಒಲೆಯ ಮುಂದೆ. ಷರಟಿಗೆ ಎಣ್ಣೆ ಹಾರುತ್ತದೆ ಎಂದು ನೀವು ಅಡುಗೆಮನೆಯ ಹೊಸ್ತಿಲು ದಾಟಿದ್ದು ಕಡಿಮೆ. ದಾಟಿದ್ದರೆ ಇವತ್ತು ಈ ಕಾಗದ ಬರೆಸುವ ಅಗತ್ಯ ಇರುತ್ತಿರಲಿಲ್ಲ.

ಈಗ ಕ್ರಮ. ಕಂದು ಚುಕ್ಕೆಯ ಒಣ ಬೀನ್ಸ್, ಒಂದು ಸೇರು. ಹಿಂದಿನ ದಿನ ಮಧ್ಯಾಹ್ನವೇ ಆರಿಸಿ ನೆನೆಹಾಕಿ. ಬೀನ್ಸಿನವನು ಹಳೇ ಮಾಲು ಕೊಡುತ್ತಾನೆ, ಸ್ಟೋವ್ ಸರಿಯಿಲ್ಲ ಎಂದೆಲ್ಲ ಬರೆದಿದ್ದೀರಿ. ಕುಣಿಯಲಾರದವರಿಗೆ ನೆಲ ಡೊಂಕು. ಅವನು ನನಗೂ ಅದೇ ಮಾಲು ಕೊಡುತ್ತಿದ್ದ, ಸ್ಟೋವೂ ಅದೇ. ನೆನೆದ ನೀರು ಚೆಲ್ಲಿ, ಹೊಸ ನೀರು ನಾಲ್ಕು ಬೆರಳು ಮೇಲೆ ನಿಲ್ಲುವಷ್ಟು ಹಾಕಿ, ಅರ್ಧ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಬಿಟ್ಟು, ಚೆನ್ನಾಗಿ ಒಂದು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ಗಡಿಬಿಡಿ ಬೇಡ. ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಒತ್ತಿದರೆ ಸಿಪ್ಪೆಯೂ ಉಳಿಯದೆ ಹಿಸುಕಿಹೋಗಬೇಕು. ನೀವು ಗಡಿಯಾರ ನೋಡಿ ಇಳಿಸುತ್ತಿದ್ದೀರಿ ಎಂದು ನಾನು ಬಲ್ಲೆ. ಗಡಿಯಾರಕ್ಕೆ ಬೆರಳಿಲ್ಲ.

ಇನ್ನು ನಿಮ್ಮ ಗಾರೆಯ ಕಾರಣ. ಬೆಂದ ಮೇಲೆ ನೀವು ಕಾಳು ಬಸಿದು, ಆ ಕಂದು ನೀರನ್ನು ಕೊಳಕೆಂದು ಮೋರಿಗೆ ಚೆಲ್ಲುತ್ತೀರಿ. ಇಲ್ಲಿಂದಲೇ ನನಗೆ ಕಾಣುತ್ತದೆ. ಇಷ್ಟು ವರ್ಷ ಗಿರಾಕಿಗಳು ಬೆಣ್ಣೆಯಂಥ ನುಣುಪು ಎಂದು ಹೊಗಳಿದ್ದು ಆ ನೀರನ್ನೇ. ನೀವು ಕೆನೆ ಹಾಕುತ್ತೇವೆಂದು ಕೊಚ್ಚಿಕೊಳ್ಳುತ್ತಿದ್ದಿರಲ್ಲ, ಅದರಲ್ಲಿ ಒಂದು ಹನಿ ಕೆನೆಯಿಲ್ಲ. ಎರಡು ವರ್ಷದ ಹಿಂದೆ ಒಬ್ಬ ಹೆಂಗಸು, ಹೆಗಲಿಗೆ ಕೆಂಪು ಚೀಲ, ಉಂಡು ಕೈತೊಳೆಯಲು ಹಿಂದಿನ ನಲ್ಲಿಗೆ ಬಂದವರು, ನಾನು ಆ ನೀರನ್ನು ಜೋಪಾನವಾಗಿ ಸೋಸಿಡುವುದನ್ನು ನೋಡಿ ಯಾಕೆಂದು ಕೇಳಿದ್ದರು. ಹತ್ತೊಂಬತ್ತು ವರ್ಷದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ನೀವು ಕೇಳಲಿಲ್ಲ.

ದಪ್ಪ ತಳದ ಬಾಣಲೆಯಲ್ಲಿ ಎರಡು ಪಾಲು ಎಣ್ಣೆ, ಒಂದು ಪಾಲು ಬೆಣ್ಣೆ. ಜಜ್ಜಿದ ಬೆಳ್ಳುಳ್ಳಿ, ಜೀರಿಗೆ ಪುಡಿ, ಖಾರದ ಪುಡಿ ಹಾಕಿ ಘಮ ಬಂದೊಡನೆ ಕಾಳು ಸುರಿಯಿರಿ. ಮಸೆಯುತ್ತ ಹುರಿಯಿರಿ. ಆಮೇಲೆ ಸೋಸಿಟ್ಟ ಆ ನೀರನ್ನು ಸೌಟು ಸೌಟಾಗಿ ಬಿಡುತ್ತ, ಬಿಸಿಯಿರುವಾಗಲೇ ಮಿಕ್ಸಿಗೆ ಹಾಕಿ ನುಣ್ಣಗೆ ಅರೆಯಿರಿ. ಮುಚ್ಚಳದ ಮೇಲೆ ಬಟ್ಟೆ ಹಿಡಿಯಿರಿ, ಹಾರಿದರೆ ಷರಟು ಹಾಳಾಗುತ್ತದೆ. ಮತ್ತೆ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ತಳ ಹತ್ತದಂತೆ ಕೈಯಾಡಿಸಿ. 'ಅಯ್ಯೋ, ತೀರಾ ನೀರಾಯಿತಲ್ಲ' ಎಂದು ಮನಸ್ಸಿಗೆ ಬಂದಾಗ ಇಳಿಸಿ. ಆರುತ್ತ ಅದೇ ಗಟ್ಟಿಯಾಗುತ್ತದೆ. ಸರಿಯಾಗಿದೆ ಎಂದು ಕಂಡಾಗ ಇಳಿಸಿದರೆ ಹೊತ್ತು ಮೀರಿತೆಂದೇ ಲೆಕ್ಕ.

ಇಳಿಸಿದ ಮೇಲೆ, ಕೊನೆಯಲ್ಲಿ, ಉಪ್ಪು ಮತ್ತು ಹಸಿಮೆಣಸಿನಕಾಯಿ ನೆನೆಸಿಟ್ಟ ಬಾಟಲಿಯ ವಿನೆಗರ್ ಎರಡು ಚಮಚ. ಕೊನೆಯಲ್ಲಿ ಎಂಬ ಮಾತಿನ ಕೆಳಗೆ ಗೆರೆ ಎಳೆದಿದ್ದೇನೆ, ನೋಡಿ.

ಯಾಕೆಂದು ಹೇಳಿಬಿಡುತ್ತೇನೆ. ಇದು ನಿನ್ನೆ ಬರೆದ ಕಾಗದವಲ್ಲ. ನಿನ್ನೆಯದರಲ್ಲಿ ಎಲ್ಲ ಹೀಗೇ ಇತ್ತು, ವಿನೆಗರ್ ಮಾತ್ರ ಮೊದಲೇ, ಕಾಳು ಬೇಯುವ ನೀರಿಗೇ ಹಾಕಿ ಎಂದಿತ್ತು. ಹುಳಿ ಬಿದ್ದ ಕಾಳು ದಿನವಿಡೀ ಕುದಿಸಿದರೂ ಬೇಯುವುದಿಲ್ಲ. ನನ್ನ ಹನ್ನೊಂದು ಸೋಲಿನಲ್ಲಿ ಮೂರು ಅದರಿಂದಲೇ. ಶನಿವಾರ ಹನ್ನೊಂದಕ್ಕೆ ಕಂಪನಿಯವರ ತಟ್ಟೆಯಲ್ಲಿ ಬೆಣಚುಕಲ್ಲು, ಪಕ್ಕದಲ್ಲಿ ಬಿಳಿ ಷರಟಿನಲ್ಲಿ ನೀವು. ಅದನ್ನು ನೆನೆಸಿಕೊಂಡು ಬೆಳಿಗ್ಗೆಯೆಲ್ಲ ಒಬ್ಬಳೇ ನಕ್ಕೆ. ದರ್ಜಿಯಮ್ಮನಿಗೆ ಓದಿ ಹೇಳಿದರೆ, "ನಾನಾಗಿದ್ರೆ ಎರಡು ಬಾಟಲಿ ಹಾಕಿ ಅಂತ ಬರೀತಿದ್ದೆ" ಎಂದಳು. ಲಕೋಟೆ ಅಂಟಿಸಿಯೂ ಆಗಿತ್ತು.

ಆಮೇಲೆ ಹರಿದು ಹಾಕಿದೆ. ಕರುಣೆಯಿಂದಲ್ಲ, ತಪ್ಪು ತಿಳಿಯಬೇಡಿ. ಅದನ್ನು ಕಳಿಸಿದರೆ ನೀವು ಸಾಯುವ ತನಕ 'ನನ್ನದು ಬಲು ಚೆನ್ನಾಗಿತ್ತು, ಅವಳೇ ಮೋಸ ಮಾಡಿದಳು' ಎಂದು ಡಿಪೋದವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತೀರಿ. ಆ ಒಂದು ಸಮಾಧಾನವನ್ನೂ ನಿಮಗೆ ಬಿಡಲು ನನಗೆ ಮನಸ್ಸಿಲ್ಲ. ಹಾಗಾಗಿ ಮೇಲೆ ಬರೆದದ್ದರಲ್ಲಿ ಒಂದು ಚಮಚವೂ ಸುಳ್ಳಿಲ್ಲ. ಮಗಳಿಗೂ ಫೋನಿನಲ್ಲಿ ಈ ಕ್ರಮ ಹೇಳಿದ್ದೇನೆ, ಬೇಕಿದ್ದರೆ ಕೇಳಿ. ಆರು ವರ್ಷದಲ್ಲಿ ಕಂಡ ರುಚಿಯನ್ನು ನಾಲಿಗೆ ಇನ್ನೂ ಮರೆತಿಲ್ಲ ಎಂದಳು.

ಅಂಗಡಿಗೆ ವಾಪಸ್ ಬರುತ್ತೀಯಾ ಎಂದು ನಿಮ್ಮ ಏಳನೇ ಸಾಲಿನಲ್ಲಿ ಕೇಳಿದ್ದೀರಿ. ಬರುವುದಿಲ್ಲ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಒಲೆಯನ್ನಾದರೆ ಮೆತ್ತಿ ಸರಿಮಾಡಬಹುದಿತ್ತು. ಇಲ್ಲಿ ನನ್ನದು ಒಂದೇ ಕೋಣೆ, ಎರಡು ಒಲೆ, ರಸ್ತೆಯ ಕಡೆಗೊಂದು ಕಿಟಕಿ. ಬೀನ್ಸ್ ನನಗೆ ಬೇಕಾದಷ್ಟೇ ಬೇಯಿಸುತ್ತೇನೆ. ಸೋಮವಾರ ಮಾತ್ರ ಊಟಕ್ಕೆ ಜನ ಬಂದಿದ್ದರು, ಸ್ವಲ್ಪ ಹೆಚ್ಚು ಹಾಕಿದ್ದೆ.

ಶನಿವಾರ ಬಿಳಿ ಷರಟನ್ನೇ ಹಾಕಿಕೊಳ್ಳಿ, ನಿಮಗೆ ಒಪ್ಪುತ್ತದೆ.

ಇಂತಿ,
ಪಾತ್ರೆ ತೊಳೆಯುವವಳು

ಮರೆತಿದ್ದೆ: ಸೋಮವಾರ ಊಟಕ್ಕೆ ಬಂದವರು ಆ ಕೆಂಪು ಚೀಲದ ಹೆಂಗಸು. ಅವರು ಕಂಪನಿಯ ಅಡುಗೆಮನೆಗೆಲ್ಲ ಮುಖ್ಯಸ್ಥೆಯಂತೆ, ನನಗೂ ಆವತ್ತೇ ಗೊತ್ತಾದದ್ದು. ಹೋದ ತಿಂಗಳು ನಮ್ಮ ಅಂಗಡಿಗೆ ಬಂದು ಒಂದು ತುತ್ತು ತಿಂದು, "ನೀರು ಸೋಸ್ತಿದ್ದ ಅವರೆಲ್ಲಿ" ಎಂದು ಸೈಕಲ್ ರಿಪೇರಿಯವನನ್ನು ಕೇಳಿ ನನ್ನ ವಿಳಾಸ ಪಡೆದರಂತೆ. ನನ್ನ ಬಟ್ಟಲು ಖಾಲಿ ಮಾಡಿ, ಎರಡನೆಯದು ಕೇಳಿ ಹಾಕಿಸಿಕೊಂಡರು. ಹನ್ನೆರಡು ಅಂಗಡಿಯ ಬೀನ್ಸೂ ಇನ್ನು ನನ್ನ ಕೈಕೆಳಗೆ, ಕಾಗದಕ್ಕೆ ಸಹಿಯಾಗಿದೆ. ನಿಮಗೆ ಶನಿವಾರ ಬರುತ್ತೇವೆಂದು ಮಾತು ಕೊಟ್ಟಾಗಿದೆ, ಈಗ ಬೇಡವೆನ್ನಲೇ ಎಂದು ಕೇಳಿದರು. ಖಂಡಿತ ಹೋಗಿ, ಸುಮ್ಮನೆ ತಿಂದು ಇದು ಯಾರು ಕಲಿಸಿದ್ದು ಎಂದು ಮಾತ್ರ ಕೇಳಿ ಎಂದೆ. ನಾನೂ ಅವರ ಜೊತೆಯಲ್ಲೇ ಬರುತ್ತೇನೆ. ಚೆನ್ನಾಗಿ ಮಾಡಿದರೆ ನನ್ನದೆಂದು ಅವರಿಗೆ ಗೊತ್ತಾಗುತ್ತದೆ. ಕೆಡಿಸಿದರೆ ನಿಮ್ಮದೆಂದು ಗೊತ್ತಾಗುತ್ತದೆ.