ಕಿಟಕಿಯಲ್ಲಿಟ್ಟ ಟ್ರ್ಯಾಕರ್

ಅಣ್ಣನಿಗೆ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ನಾನು ಟ್ರ್ಯಾಕರ್ ಕಟ್ಟಿ ಬಿಟ್ಟಿದ್ದ ಹೆಣ್ಣು ಹದ್ದಿನ ಸುಳಿವು ಹನ್ನೊಂದು ದಿನ ಸಿಗಲಿಲ್ಲ. “ಎಲ್ಲೋ ಹಾರ್ಹೋಗಿರುತ್ತೆ, ಬಿಡೇ” ಎಂದವನು ನೀನು. ಆ ಟ್ರ್ಯಾಕರ್ ಚಾರ್ಜ್ ಆಗುವುದು ಬಿಸಿಲಿನಿಂದ. ನೀನು ಯಾವ ಡ್ರಾಯರಿನಲ್ಲಿ ಬಚ್ಚಿಟ್ಟಿದ್ದೆಯೋ, ಅಲ್ಲಿದ್ದಷ್ಟು ದಿನ ಸುಮ್ಮನಿತ್ತು. ನಿನ್ನೆ ಅತ್ತಿಗೆ ಡ್ರಾಯರ್ ಒರೆಸುವಾಗ ಕಿಟಕಿಯಲ್ಲಿಟ್ಟರೋ ಏನೋ, ನೆಟ್ಟಗೆ ನಿನ್ನ ಮನೆಯನ್ನೇ ತೋರಿಸಿತು.

ಕೋಳಿ ಕದ್ದಿತೆಂದು ನೀನು ಆ ಹದ್ದನ್ನು ಕೊಂದೆ. ಕದ್ದದ್ದು ಕಾಡುಬೆಕ್ಕು, ನನ್ನ ಕ್ಯಾಮೆರಾದಲ್ಲಿದೆ. ಗೂಡಿನ ಕ್ಯಾಮೆರಾದಲ್ಲಿ ಇನ್ನೊಂದೂ ಇದೆ. ಗಂಡು ಹದ್ದು ಬೇಟೆ ತಂದು ಹಾಕುತ್ತಲೇ ಇತ್ತು; ಸಿಗಿದು ಉಣಿಸುವ ತಾಯಿಯಿಲ್ಲದೆ ಮರಿ ಆ ರಾಶಿಯ ಪಕ್ಕದಲ್ಲೇ ಹಸಿದು ಸತ್ತಿತು.

ಸೋಮವಾರ ಅರಣ್ಯ ಇಲಾಖೆಯವರೊಂದಿಗೆ ಬರುತ್ತೇನೆ. ಟ್ರ್ಯಾಕರ್ ಇದ್ದಲ್ಲೇ ಇರಲಿ. ಕದಲಿಸಿದರೂ ನನಗೆ ಗೊತ್ತಾಗುತ್ತದೆ. ಅತ್ತಿಗೆಗೆ ಹೇಳಿಬಿಡು, ನಿನ್ನ ಮನೆಯಲ್ಲಿ ನನಗೆ ಇನ್ನು ನೀರೂ ಬೇಡ.

ನೀನೇ ಹೆಸರಿಟ್ಟ
ಹದ್ದಿನ ಹುಚ್ಚಿ